ಒಂದು ಬಂಗುಡೆ ಮುಗಿಯುವಷ್ಟು ಹೊತ್ತು

ಮೀನು ಮಾರುವವರ ಮನೆಯ ಸೊಸೆಗೆ ಮೀನಿಲ್ಲದ ಊಟ ಬಡಿಸುವುದಕ್ಕಿಂತ ದೊಡ್ಡ ಶಿಕ್ಷೆ ಉಪ್ಪುಂದದ ಕಡಲ ಬದಿಯಲ್ಲಿ ಇನ್ನೊಂದಿಲ್ಲ. ಆ ವರ್ಷ ಮಳೆ ಹಿಡಿದಂದಿನಿಂದ ಪ್ರಜ್ಞಾಳಿಗೆ ಅದೇ ಊಟ. ಕುಚ್ಚಲಕ್ಕಿ ಗಂಜಿ, ಸುಟ್ಟ ಹಪ್ಪಳ, ಅಪರೂಪಕ್ಕೆ ಹೆಸರುಕಾಳಿನ ಸಾರು. ಅದೂ ಅಂಚು ನೆಗ್ಗಿದ ಒಂದು ಸ್ಟೀಲ್ ತಟ್ಟೆಯಲ್ಲಿ. ಆ ತಟ್ಟೆಯನ್ನು ಉಳಿದವರ ತಟ್ಟೆಗಳ ಜೊತೆ ತೊಳೆಯುವಂತಿರಲಿಲ್ಲ. ಬಾವಿಕಟ್ಟೆಯ ಪಕ್ಕದಲ್ಲಿ ಬೋರಲು ಹಾಕಿ ಇಡಬೇಕಿತ್ತು.

ಒಳಗೆ ಅತ್ತೆ ರತ್ನ ಬಂಗುಡೆಗೆ ಮಸಾಲೆ ಅರೆಯುತ್ತಿದ್ದಳು. ವಾಸನೆ ಜಗಲಿಯಲ್ಲಿ ಕೂತ ಪ್ರಜ್ಞಾಳವರೆಗೂ ಬಂತು.

"ಅತ್ತೆ, ಸಾರಿನ್ ರಸ ಆದ್ರೂ ಒಂಚೂರ್ ಹಾಕಿ."

"ನಂಜ್ ಹೆಣೆ. ಹುಣ್ಣಿಗ್ ಕೀವ್ ಕಟ್ಟತ್ತ್. ಒಣಗಿದ್ ಮೇಲೆ ತಿಂಬುದ್ ಇದ್ದದ್ದೆ."

"ಸುಗಂಧಿ ಅತ್ತಿಗೆ ಹೇಳಿದ್ದಲ್ದಾ ಇದ್?"

"ಯಾರ್ ಹೇಳಿರ್ ಎಂತ? ನಮ್ಮ್ ಅಜ್ಜಿ ಕಾಲ್ದಿಂದ ಇಪ್ಪುದ್."

ಮೈಯಲ್ಲಿ ಗಾಯವಿದ್ದಾಗ ಕೆಲವು ಮೀನು ತಿಂದರೆ ಗಾಯ ನಂಜೇರಿ ಕೀವಾಗುತ್ತದೆ ಎನ್ನುವುದು ಆ ಕಡೆಯವರ ನಂಬಿಕೆ. ನಂಜಿನ ಮೀನುಗಳಲ್ಲಿ ಬಂಗುಡೆಗೇ ಮೊದಲ ಸ್ಥಾನ. ಪ್ರಜ್ಞಾಳಿಗೆ ಜೀವವಿದ್ದದ್ದೂ ಬಂಗುಡೆಯ ಮೇಲೆಯೇ. ಅವಳು ಗಂಜಿಗೆ ಉಪ್ಪು ಕಲಸುತ್ತಾ, ಒಂದು ದಿನ ಗಂಡನ ಅಕ್ಕ ಸುಗಂಧಿಯನ್ನು ಇದೇ ತಟ್ಟೆಯ ಮುಂದೆ ಕೂರಿಸುತ್ತೇನೆ ಅಂದುಕೊಂಡಳು. ಹಾಗೆ ಅಂದುಕೊಂಡರೆ ಗಂಜಿ ಗಂಟಲಲ್ಲಿ ಇಳಿಯುತ್ತಿತ್ತು.

ಎಲ್ಲ ಶುರುವಾದದ್ದು ಎದೆಯ ಎಡಭಾಗದಲ್ಲಿ ಕಾಣಿಸಿಕೊಂಡ ಒಂದು ಗಂಟಿನಿಂದ. ಮಗಳು ಮೋಕ್ಷಿತಾಳಿಗೆ ಮೂರು ವರ್ಷ ತುಂಬಿತ್ತು, ಹಾಲು ಬಿಡಿಸಿ ಬಹಳ ಕಾಲವಾಗಿತ್ತು. ಹಾಗಿದ್ದೂ ಎದೆ ಕೆಂಪೇರಿ, ಬಿಸಿಯಾಗಿ, ರವಿಕೆ ತಾಗಿದರೂ ಉರಿಯುವಂತಾಯಿತು. ಗಂಡ ರವಿರಾಜ್ ತನ್ನ ಅಕ್ಕನಿಗೆ ಫೋನ್ ಮಾಡಿದ. ರತ್ನ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದ ಕಾಲದಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ ಸುಗಂಧಿ. ಅವಳು ಹೇಳಿದ ಮೇಲೆ ಅವನಿಗೆ ಇನ್ನೊಂದು ಮಾತಿರಲಿಲ್ಲ.

ಸುಗಂಧಿ ಹೆಮ್ಮಾಡಿಯಿಂದ ಬಂದಳು, ಬಾಗಿಲು ಹಾಕಿ ನೋಡಿದಳು, ಸರ್ಪಸುತ್ತು ಎಂದಳು. ಕೆಮ್ಮಣ್ಣು ಕಲಸಿ ತಾನೇ ದಪ್ಪಕ್ಕೆ ಹಚ್ಚಿದಳು. ಬೈಂದೂರಿನ ಡಾಕ್ಟರ ಹತ್ತಿರ ಹೋಗುವುದು ಅದರಿಂದಾಗಿ ಮುಂದೆ ಹೋಯಿತು. ಕೆಮ್ಮಣ್ಣು ಒಣಗಿ ಬಿರಿಯಿತು, ಕೆಂಪು ಹಾಗೆಯೇ ಉಳಿಯಿತು. ಒಂದು ಬೆಳಿಗ್ಗೆ ಗಂಟು ಒಡೆದು ಕೀವು ಬಂತು. ಆಗ ಸುಗಂಧಿ ತನ್ನ ಮಾತನ್ನು ಬದಲಿಸಿದಳು.

"ಇದ್ ಅದೇ ಕಾಯ್ಲೆ," ಎಂದಳು, ಹೆಸರು ಹೇಳಲಿಲ್ಲ. "ನಮ್ಮ್ ಮನೆಯವ್ರ ಚಿಕ್ಕಮ್ಮಂಗ್ ಹೀಂಗೇ ಆದ್ದ್. ರವಿ, ತಡ ಮಾಡ್ಬೇಡ. ಕೊಯ್ದ್ ತೆಗ್ಸಿ ಬಿಡ್."

"ಕೊಯ್ಸುಕೆ ಅದ್ ನಂದ್ ಅತ್ತಿಗೆ, ನಿಮ್ದಲ್ಲ," ಎಂದಳು ಪ್ರಜ್ಞಾ.

"ಕಾಣ್, ಬಾಯ್ ಕಾಣ್ ಇವ್ಳ್ದ್! ಬಾಯಿಗ್ ಎಂತದೂ ಆಯ್ಲಿಲ್ಲೆ."

ರವಿರಾಜ್ ಇಬ್ಬರ ನಡುವೆ ನಿಂತು ಫೋನಿನ ಗಾಜು ಒರೆಸುತ್ತಿದ್ದ. "ಅಕ್ಕ ಹೇಳುದ್ ನಿನ್ನ್ ಒಳ್ಳೇದಕ್ಕೇ ಅಲ್ದಾ?" ಎಂದ.

"ಇವತ್ತಿಂದ ಇವ್ಳ್ ಬಟ್ಲ್, ಲೋಟ ಬೇರೆ ಇಡಿ ಅಬ್ಬಿ," ಎಂದಳು ಸುಗಂಧಿ, ತಾಯಿಯ ಕಡೆ ತಿರುಗಿ. "ಮೀನಿನ್ ಬುಟ್ಟಿ ಮುಟ್ಸುದ್ ಬೇಡ. ಗೊತ್ತಾರೆ ಯಾರ್ ತಕ್ಕಂತ್ರ್ ನಿಮ್ಮ್ ಮೀನ್? ಮೋಕ್ಷಿನ ನಾನ್ ಕರ್ಕಂಡ್ ಹೋತೆ. ಒಂದ್ ಎಂಟ್ ದಿನ ಅಲ್ಲಿರ್ಲಿ. ಸಣ್ಣ್ ಹೆಣ್ಣ್, ಅಂಟಿರೆ ಎಂತ ಮಾಡುದ್?"

ಮೋಕ್ಷಿತಾಳ ಎರಡು ಫ್ರಾಕು, ಒಂದು ಗೊಂಬೆ ಚೀಲಕ್ಕೆ ಬಿದ್ದವು. ಎಂಟು ದಿನ ಎಂದದ್ದು ತಿಂಗಳಾಯಿತು.

ಬೈಂದೂರಿನ ಡಾಕ್ಟರು ಕೊಟ್ಟ ಮಾತ್ರೆಯಿಂದ ಜ್ವರ ಬಿಟ್ಟಿತು, ಗಂಟು ಕರಗಲಿಲ್ಲ. ಅವರು ಬ್ರಹ್ಮಾವರದ ಒಬ್ಬ ಡಾಕ್ಟರಮ್ಮನ ಹೆಸರು ಬರೆದುಕೊಟ್ಟರು. ಅಷ್ಟರಲ್ಲಿ ಮಳೆಗಾಲದ ಮೀನುಗಾರಿಕೆಯ ರಜೆ ಮುಗಿದಿತ್ತು. ರವಿರಾಜ್ ಗಂಗೊಳ್ಳಿಯಿಂದ ಬೋಟು ಹತ್ತಿದ್ದ. ಅವಳ ಜೊತೆ ಹೊರಟದ್ದು ಮಾವ ಗುರುವ.

ಗುರುವನ ಕೆಲಸ ಹರಿದ ಬಲೆಗೆ ಹೊಲಿಗೆ ಹಾಕುವುದು. ಮಾತು ಕಡಿಮೆ. ಆದರೆ ತಲ್ಲೂರಿನಲ್ಲಿ ಬಸ್ಸಿಗೆ ಕಾಲೇಜಿನ ಹುಡುಗರು ನುಗ್ಗಿದಾಗ ಎದ್ದು ನಿಂತು, ಸೊಸೆಯ ಎಡಗಡೆಗೆ ತನ್ನ ಮೊಣಕೈಯನ್ನು ಬೇಲಿಯಂತೆ ಚಾಚಿ, ಬ್ರಹ್ಮಾವರ ಬರುವವರೆಗೂ ಹಾಗೆಯೇ ನಿಂತಿದ್ದ. ಇಳಿಯುವಾಗ ಮೊಣಕೈ ಬಗ್ಗಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಡಾಕ್ಟರಮ್ಮ ಮೊದಲು ತಮ್ಮ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡರು, ಆಮೇಲೆ ಮುಟ್ಟಿದರು. ಸ್ಕ್ಯಾನ್ ಮಾಡಿದರು.

"ನೋಡಮ್ಮ, ಕೆಂಪಾದದ್ದೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಅಲ್ಲ ಅಂತ ಬರೀ ಕಣ್ಣಲ್ಲಿ ನೋಡಿ ಹೇಳ್ಲಿಕ್ಕೂ ಆಗುದಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿಯಲ್ಲಿ ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸುವಾ. ಒಳಗೆ ನಿಂತ ಕೀವನ್ನೂ ಸೂಜಿಯಲ್ಲೇ ಎಳೆಯುವಾ."

"ಕೊಯ್ಯುದ್ ಬೇಡ್ವಾ ಮೇಡಂ?"

"ಯಾರು ಹೇಳಿದ್ದು ಕೊಯ್ಯಬೇಕು ಅಂತ?"

ಪ್ರಜ್ಞಾ ಹೆಸರನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡಳು.

ಎರಡನೇ ಸಲ ಹೋದಾಗ ಪರೀಕ್ಷೆಯ ಫಲ ಬಂದಿತ್ತು. ಕ್ಯಾನ್ಸರ್ ಅಲ್ಲ. ಕ್ಷಯವೂ ಅಲ್ಲ. ಹೆರಿಗೆಯಾಗಿ ಕೆಲವು ವರ್ಷಕ್ಕೆ ಕೆಲವು ಹೆಂಗಸರಿಗೆ ಬರುವ ಒಂದು ಬಗೆಯ ಉರಿಯೂತ. ಯಾಕೆ ಬರುತ್ತದೆ ಎಂದು ಸರಿಯಾಗಿ ಗೊತ್ತಿಲ್ಲ ಎಂದು ಡಾಕ್ಟರಮ್ಮ ಸಂಕೋಚವಿಲ್ಲದೆ ಹೇಳಿದರು. ಅದು ಪ್ರಜ್ಞಾಳಿಗೆ ಹಿಡಿಸಿತು. ಮನೆಯಲ್ಲಿ ಗೊತ್ತಿಲ್ಲ ಎಂದವರು ಈವರೆಗೆ ಯಾರೂ ಇರಲಿಲ್ಲ.

"ಇದನ್ನು ಕೊಯ್ದರೆ ಗಾಯ ಒಣಗದೆ ಸತಾಯಿಸುವುದುಂಟು, ಮತ್ತೆ ಬರುವುದೂ ಉಂಟು. ಮಾತ್ರೆ ಕೊಡ್ತೇನೆ. ನಿಧಾನಕ್ಕೆ ಇಳಿಯುತ್ತದೆ, ತಿಂಗಳುಗಟ್ಟಲೆ ಬೇಕು. ಮುಖ ಊದಬಹುದು, ಹಸಿವು ಜಾಸ್ತಿ ಆಗಬಹುದು. ಸಕ್ಕರೆ ಅಂಶ ಆಗಾಗ ನೋಡಿಸಬೇಕು. ನಡುವಲ್ಲಿ ನೀವೇ ಬಿಟ್ಟುಬಿಡಬಾರದು."

ಗುರುವ ಗಂಟಲು ಸರಿಮಾಡಿಕೊಂಡ. "ಮೇಡಂ, ಒಂದ್ ಕೇಣ್ಲಕ್ಕಾ? ಇದ್ ಮುಟ್ಟಿರೆ ಮಕ್ಳಿಗ್ ಅಂಟತ್ತಾ?"

"ಇಲ್ಲ ಅಜ್ಜ."

"ಮೀನ್? ಬಂಗ್ಡಿ?"

"ತಿನ್ನಲಿ. ಸೊರಗಿದ್ದಾಳೆ, ಚೆನ್ನಾಗಿ ತಿನ್ನಲಿ."

ಹೊರಗೆ ಬಂದದ್ದೇ ಗುರುವ ಬಸ್ ನಿಲ್ದಾಣದ ಕಡೆ ಹೋಗದೆ ಎದುರಿನ ಊಟದ ಹೋಟೆಲಿಗೆ ನಡೆದ. "ಇವ್ಳಿಗ್ ಒಂದ್ ಊಟ, ಎರಡ್ ಬಂಗ್ಡಿ ಫ್ರೈ," ಎಂದ. ತನಗೆ ಬರೀ ಚಹಾ. ಪ್ರಜ್ಞಾ ಮೊದಲ ಮೀನಿನ ಬೆನ್ನು ಬಿಡಿಸುವಾಗ ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಹೇಳಿದ:

"ನಿನ್ನ್ ಅತ್ತಿಯೂ ಮೀನ್ ಮುಟ್ಲಿಲ್ಲೆ, ಗೊತ್ತಿತ್ತಾ? ನಿಂಗ್ ಬಿಡ್ಸಿದ್ ದಿನ್ದಿಂದ. ನಂಗೂ ರವಿಗೂ ಬಡಿಸಿ ಒಳಗ್ ಹೋಯಿ ಗಂಜಿ ಉಂತ್ಳ್. ಹೇಳ್ಬೇಡಿ ಅಂದಿತ್."

ಪ್ರಜ್ಞಾಳ ಕೈ ನಿಂತಿತು. ಇಷ್ಟು ದಿನ ಅತ್ತೆಗೂ ಸೇರಿಸಿಯೇ ಅವಳು ಸೇಡಿನ ಅಡುಗೆ ಬೇಯಿಸುತ್ತಿದ್ದಳು. ಈಗ ಅತ್ತೆಯ ಪಾಲನ್ನು ತೆಗೆದಿಡಬೇಕಾಯಿತು. ಸಿಟ್ಟು ಕಡಿಮೆಯಾಗುವುದು ಅವಳಿಗೆ ಬೇಡವಾಗಿತ್ತು. ಆ ಪಾಲನ್ನೂ ಸುಗಂಧಿಗೇ ಬಡಿಸುವುದೆಂದು ತೀರ್ಮಾನಿಸಿ ಎರಡನೇ ಬಂಗುಡೆಗೆ ಕೈಹಾಕಿದಳು.

ಮನೆಗೆ ಬಂದು ಸುದ್ದಿ ಹೇಳಿದ್ದಾಯಿತು. ರತ್ನ ದೇವರ ಗೂಡಿನ ಮುಂದೆ ದೀಪ ಹಚ್ಚಿದಳು, ಆದರೆ ತಟ್ಟೆ ಬಾವಿಕಟ್ಟೆಯಿಂದ ಒಳಗೆ ಬರಲಿಲ್ಲ. ರವಿರಾಜ್ ಬೋಟಿನಿಂದ ಇಳಿದು ಬಂದ ದಿನ ಸುಗಂಧಿಗೆ ಫೋನು ಹೋಯಿತು. ಸ್ಪೀಕರ್ ಹಾಕಿದ್ದ.

"ಕ್ಯಾನ್ಸರ್ ಅಲ್ಲ ಅಂಬ್ರ ಅಕ್ಕ. ಮೋಕ್ಷಿನ ಕರ್ಕಂಡ್ ಬತ್ತೆ ನಾಳೆ."

"ಯಾರಂಬ್ರ? ಸೂಜಿ ಹಾಕಿರೆ ಇದ್ದದ್ದೂ ಹರಡತ್ತ್. ಕೀವ್ ನಿಂತಿತಾ?"

"ಇನ್ನೂ ಪೂರ್ತಿ ಇಲ್ಲೆ."

"ಹಂಗಾರೆ ಕೀವ್ ನಿಲ್ಲಲಿ. ಹೆಣ್ಣ್ ಇಲ್ಲ್ ಆರಾಮ್ ಇತ್ತ್. ಉಂತ್ಳ್, ತಿಂತ್ಳ್. ನಂಗ್ ಇಬ್ರೂ ಗಂಡ್ ಮಕ್ಳ್, ಒಬ್ಬಂವ ಮುಂಬೈಲಿ, ಇನ್ನೊಬ್ಬಂವ ದುಬೈಲಿ. ಮನೇಲ್ ಒಂದ್ ಹೆಣ್ಣಿನ್ ಸ್ವರ ಆಯ್ತ್ ಈಗ."

ಪ್ರಜ್ಞಾ ಫೋನಿನ ಹತ್ತಿರ ಬಾಗಿದಳು. "ಅತ್ತಿಗೆ, ನಿಮ್ಗ್ ಹೆಣ್ಣ್ ಬೇಕಾರೆ ನೀವ್ ಹೆರಿ. ನನ್ನ್ ಮಗ್ಳನ್ನ್ ಕಳ್ಸಿ."

ಆ ಕಡೆ ಫೋನು ಕಟ್ಟಾಯಿತು. ರವಿರಾಜ್ ತಟ್ಟೆ ಸರಿಸಿ ಎದ್ದ. "ನಿಂಗ್ ಮಾತಾಡುಕೆ ಗೊತ್ತಿಲ್ಲೆ," ಎಂದ.

"ನಿಮ್ಗ್ ಗೊತ್ತಿತ್ತಲ್ದಾ? ಮಾತಾಡಿ, ಕರ್ಕಂಡ್ ಬನ್ನಿ."

ಅವನು ಹೋಗಲಿಲ್ಲ. ಮಾರನೇ ದಿನ ಬೋಟಿಗೆ ಹೋದ. ಪ್ರಜ್ಞಾ ತಾನೇ ಹೆಮ್ಮಾಡಿಗೆ ಹೋದಳು.

ಹೆದ್ದಾರಿಯಿಂದ ಸ್ವಲ್ಪ ಒಳಗೆ ಸುಗಂಧಿಯ ಮನೆ. ಅಂಗಳದಲ್ಲಿ ಅವಳ ಗಂಡ ಯೋಗೀಶನ ಮೀನಿನ ಟೆಂಪೋ, ಅದರ ಪಕ್ಕದಲ್ಲಿ ಮೋಕ್ಷಿತಾ ಐಸಿನ ಚೂರುಗಳನ್ನು ತೆಂಗಿನ ಗರಟದಲ್ಲಿ ತುಂಬುತ್ತಿದ್ದಳು. ತಲೆಗೆ ಹೊಸ ರಿಬ್ಬನ್. ಪ್ರಜ್ಞಾ ಕೈ ಚಾಚಿದಳು. ಮಗು ಎದ್ದು ಬಂತು, ಅರ್ಧ ದಾರಿಯಲ್ಲಿ ನಿಂತಿತು, ತಿರುಗಿ ಓಡಿ ಸುಗಂಧಿಯ ಸೀರೆಯ ಹಿಂದೆ ನಿಂತಿತು.

"ಬಾ ಮೋಕ್ಷಿ."

"ಇಲ್ಲೆ. ಅಮ್ಮ ಮುಟ್ಟಿರೆ ಹುಣ್ಣ್ ಆತ್ತ್."

ಮಗು ಅದನ್ನು ಬಾಯಿಪಾಠದ ಪದ್ಯದಂತೆ, ತಪ್ಪಿಲ್ಲದೆ ಹೇಳಿತು. ಸುಗಂಧಿ ಮಗುವಿನ ತಲೆ ಸವರಿದಳು. ಗದರಲಿಲ್ಲ, ಸುಳ್ಳೆಂದೂ ಹೇಳಲಿಲ್ಲ.

"ಚಾ ಕುಡಿತ್ಯಾ?" ಎಂದಳು.

"ಯಾವ್ ಲೋಟದಲ್ಲ್ ಕೊಡ್ತ್ರಿ?"

ಪ್ರಜ್ಞಾ ತಂದಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಜಗಲಿಯ ಮೇಲಿಟ್ಟು ಹಿಂದಕ್ಕೆ ನಡೆದಳು. ಬಸ್ಸಿನಲ್ಲಿ ಅಳಲಿಲ್ಲ. ಅತ್ತರೆ ಸಿಟ್ಟು ತೆಳ್ಳಗಾಗುತ್ತದೆ ಎಂದು ಅವಳಿಗೆ ಭಯವಿತ್ತು.

ಮಾತ್ರೆ ಕೆಲಸ ಮಾಡತೊಡಗಿತು. ಮೊದಲು ನೋವು ಹೋಯಿತು, ಆಮೇಲೆ ಕೆಂಪು ಹಿಂದೆ ಸರಿಯಿತು, ಕೀವು ಬರುತ್ತಿದ್ದ ಬಾಯಿ ಮುಚ್ಚಿಕೊಂಡಿತು. ಡಾಕ್ಟರಮ್ಮ ಎಂದಂತೆ ಮುಖ ಮಾತ್ರ ಹಲಸಿನ ಕಡುಬಿನಂತೆ ಊದಿತು. ಹಸಿವೋ, ಕೇಳುವುದೇ ಬೇಡ. ರತ್ನ ಈಗ ಕಾಣೆ ಮೀನಿನವರೆಗೆ ಬಂದಿದ್ದಳು. ಕಾಣೆ ನಂಜಲ್ಲ. ಬಂಗುಡೆಯ ಮಾತೆತ್ತಿದರೆ "ಹೊಸ್ತ್ ಕಳಿಲಿ" ಎನ್ನುತ್ತಿದ್ದಳು.

ಬೈಂದೂರಿನ ಪೇಟೆಯಲ್ಲಿ ರತ್ನಳಿಂದ ಮೀನು ಕೊಳ್ಳುತ್ತಿದ್ದ ಒಬ್ಬ ನಿವೃತ್ತ ಟೀಚರು ಒಮ್ಮೆ ಕೇಳಿದರಂತೆ: "ನಿಮ್ಮ ಸೊಸೆಗೆ ಕ್ಯಾನ್ಸರ್ ಅಂತೆ, ಹೌದಾ ರತ್ನ? ನಿಮ್ಮ ಮಗಳೇ ಟೆಂಪೋದವರ ಹತ್ತಿರ ಹೇಳಿದ್ದಂತೆ." ರತ್ನ ಬುಟ್ಟಿ ಎತ್ತಿಕೊಂಡು ಹೊರಡಲು ನೋಡಿದಳು. ಟೀಚರು ತಡೆದು ಯಾವಾಗಲೂ ಕೊಳ್ಳುವುದಕ್ಕಿಂತ ಹೆಚ್ಚು ಮೀನು ಕೊಂಡರು. ಮಾರನೇ ದಿನ ತೊಳೆದು ಮಡಚಿದ ಹಳೆಯ ಮೆತ್ತನೆಯ ಹತ್ತಿ ಸೀರೆಯೊಂದನ್ನು ತಂದು ಬುಟ್ಟಿಯ ಪಕ್ಕದಲ್ಲಿಟ್ಟು, "ಒಳಗೆ ಹಾಕಿಕೊಳ್ಳಲಿ, ಉಜ್ಜುವುದಿಲ್ಲ" ಎಂದು ಹೋದರು. ರತ್ನ ಇದನ್ನು ಮನೆಯಲ್ಲಿ ಹೇಳಿದಾಗ ಪ್ರಜ್ಞಾ ಸೀರೆಯನ್ನು ಕೆನ್ನೆಗೆ ಒತ್ತಿಕೊಂಡಳು. ಸುಗಂಧಿ ಊರಿಡೀ ಸಾರಿದ್ದಾಳೆ ಎಂಬ ಮಾತನ್ನು ಬೇರೆಯಾಗಿ ತೆಗೆದಿಟ್ಟುಕೊಂಡಳು.

ನವರಾತ್ರಿಯ ಹೊತ್ತಿಗೆ ಹೊಸ್ತು ಬಂತು. ಹೊಸ ಅಕ್ಕಿಯ ಊಟಕ್ಕೆ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಬಾಳೆಲೆಯ ಮುಂದೆ ಕೂತಮೇಲೆ ಮೊದಲ ತುತ್ತಿಗೆ ಮುಂಚೆ ಕಿರಿಯರು ಪ್ರತಿಯೊಬ್ಬ ಹಿರಿಯರಿಗೂ "ಹೊಸ್ತ್ ಉಂತೆ" ಎಂದು ಹೇಳಿ ಅಪ್ಪಣೆ ಪಡೆಯಬೇಕು, ಹಿರಿಯರು "ಉಣ್ಣ್" ಎನ್ನಬೇಕು. ಮಾತು ಬಿಟ್ಟವರೂ ಅವತ್ತು ಆ ಎರಡು ಮಾತು ಆಡಲೇಬೇಕು.

ಸುಗಂಧಿ ಮೋಕ್ಷಿತಾಳನ್ನು ಕರೆದುಕೊಂಡು ಬಂದಿದ್ದಳು. ಮಗು ಗುರುವನ ತೊಡೆಯ ಮೇಲೆ ಕೂತು ಅಮ್ಮನನ್ನು ದೂರದಿಂದಲೇ ನೋಡುತ್ತಿತ್ತು. ಸುಗಂಧಿ ಆವತ್ತು ಎಂದಿನಂತೆ ಅಡುಗೆಮನೆಯ ಯಜಮಾನಿಕೆ ವಹಿಸಲಿಲ್ಲ. ಹರಿವೆ ಸೊಪ್ಪಿನ ಪಾತ್ರೆ ಎತ್ತುವಾಗ ಬಲಗೈ ಮೈಗೆ ತಾಗದಂತೆ ಹೊರಗೆ ಹಿಡಿದಿದ್ದಳು. ಕೂರುವಾಗ ತುಟಿ ಕಚ್ಚಿದಳು.

ಪ್ರಜ್ಞಾ ಗುರುವನಿಗೆ ಹೇಳಿದಳು, ರತ್ನಳಿಗೆ ಹೇಳಿದಳು, ರವಿರಾಜನಿಗೆ ಹೇಳಿದಳು. ಕೊನೆಗೆ ಸುಗಂಧಿಯ ಎಲೆಯ ಮುಂದೆ ಬಾಗಿದಳು. ಆಗ ಕಂಡಿತು. ರವಿಕೆಯ ಕುತ್ತಿಗೆಯ ಅಂಚಿನಲ್ಲಿ, ಬಲಗಡೆ, ಒಣಗಿ ಬಿರಿದ ಕೆಂಪು. ಕೆಮ್ಮಣ್ಣು. ಅದರ ಕೆಳಗಿನಿಂದ ಬರುತ್ತಿದ್ದ ಬಿಸಿಯ ವಾಸನೆಯೂ ಅವಳಿಗೆ ಗೊತ್ತಿದ್ದದ್ದೇ.

"ಹೊಸ್ತ್ ಉಂತೆ ಅತ್ತಿಗೆ," ಎಂದಳು ಎಲ್ಲರಿಗೂ ಕೇಳುವಂತೆ. ಆಮೇಲೆ ಸಣ್ಣಗೆ: "ಕೆಮ್ಮಣ್ಣ್ ಹಚ್ಚಿ ಎಷ್ಟ್ ದಿನ ಆಯ್ತ್?"

ಸುಗಂಧಿ ಸೆರಗನ್ನು ಎಳೆದುಕೊಂಡಳು. "ಉಣ್ಣ್," ಎಂದಳು, ಸ್ವರವೇ ಇರಲಿಲ್ಲ.

ಪ್ರಜ್ಞಾ ತನ್ನ ಎಲೆಗೆ ಹಿಂದಿರುಗಿ ಹೊಸ ಅಕ್ಕಿಯ ಅನ್ನವನ್ನು ಹೊಟ್ಟೆ ತುಂಬ ಉಂಡಳು. ಅಷ್ಟು ರುಚಿಯಾದ ಊಟವನ್ನು ಅವಳು ಬಹಳ ಕಾಲದಿಂದ ಮಾಡಿರಲಿಲ್ಲ.

ಸಂಜೆ ಮಗು ಸುಗಂಧಿಯ ಸೆರಗು ಹಿಡಿದು ಮತ್ತೆ ಹೆಮ್ಮಾಡಿಗೆ ಹೊರಟಿತು. ಆಮೇಲಿನ ಕೆಲವು ದಿನ ಪ್ರಜ್ಞಾ ಯಾರಿಗೂ ಏನೂ ಹೇಳಲಿಲ್ಲ. ಅಂಗಳ ಗುಡಿಸುವಾಗ, ಬಟ್ಟೆ ಒಗೆಯುವಾಗ, ಸುಗಂಧಿ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿರುವುದನ್ನು ನೆನೆಸಿಕೊಳ್ಳುತ್ತಿದ್ದಳು. ನಿಲ್ಲಲಿ. ನಾನು ನಿಂತಿರಲಿಲ್ಲವೇ? ಅವಳಿಗೂ ರಾತ್ರಿ ಮಗ್ಗುಲು ಬದಲಿಸಲು ಆಗದಿರಲಿ. ಬಾವಿಕಟ್ಟೆಯ ತಟ್ಟೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ ಹೊಳೆಯುವಂತೆ ಮಾಡಿದಳು.

"ಅದನ್ಯಾಕ್ ಅಷ್ಟ್ ತಿಕ್ಕ್ತೆ?" ಎಂದಳು ರತ್ನ. "ಇನ್ ನಿಂಗ್ ಅದ್ ಬೇಡ. ಬಿಸಾಡ್."

"ಇರ್ಲಿ ಅತ್ತೆ. ಬೇಕಾತ್ತ್."

ಆ ವಾರ ಅವಳು ಮತ್ತೆ ಬ್ರಹ್ಮಾವರಕ್ಕೆ ಹೋಗಿದ್ದಳು. ಮಾತ್ರೆಯ ಪ್ರಮಾಣ ಇಳಿಸುತ್ತಾ ಡಾಕ್ಟರಮ್ಮ ನಗುತ್ತಾ ಕೇಳಿದರು: "ಈಗ ನಿಮ್ಮ ಕಡೆಯವರಿಗೆ ನಂಬಿಕೆ ಬಂತಾ?"

"ಮೇಡಂ, ನಲವತ್ತೈದ್ ದಾಟಿದವ್ರಿಗೆ ಹೀಗೆ ಕೆಂಪಾದ್ರೆ? ಅದೂ ಹೀಗೇ ಇರತ್ತಾ?"

ಅವರ ನಗು ನಿಂತಿತು. "ಇರಬಹುದು, ಇಲ್ಲದೆಯೂ ಇರಬಹುದು. ಕೆಂಪಾಗಿ ಬರುವ ಕ್ಯಾನ್ಸರೂ ಉಂಟು, ಅದು ಕಾಯುವುದಿಲ್ಲ. ಯಾರಿಗಮ್ಮ?"

"ಗುರ್ತದವ್ರಿಗೆ."

"ನಾಳೆಯೇ ಕರೆದುಕೊಂಡು ಬನ್ನಿ."

ಬಸ್ಸು ಹೆಮ್ಮಾಡಿಯಲ್ಲಿ ನಿಂತಾಗ ಅವಳು ಇಳಿಯಲಿಲ್ಲ. ಆದರೆ ಮನೆ ಮುಟ್ಟಿದ ಮೇಲೆ ಊಟಕ್ಕೆ ಕೂತರೆ ಅನ್ನ ಇಳಿಯಲಿಲ್ಲ. ಸೇಡು ಅಂದುಕೊಂಡರೂ ಇಳಿಯಲಿಲ್ಲ. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಬೆಳಿಗ್ಗೆ ಎದ್ದು ಗುರುವನಿಗೆ, "ಮಾವ, ಅಂಗಿ ಹಾಯ್ಕಣಿ. ಹೆಮ್ಮಾಡಿಗ್ ಹೋಪ," ಎಂದಳು.

ಸುಗಂಧಿ ಬಾಗಿಲಲ್ಲೇ ತಡೆದಳು. "ಎಂತ ಬಂದದ್?"

"ಸೀರೆ ಬದ್ಲ್ಸಿ ಅತ್ತಿಗೆ. ಬ್ರಹ್ಮಾವರಕ್ಕ್ ಹೋಪುಕಿತ್."

"ನಂಗೆಂತ ಆಯ್ಲಿಲ್ಲೆ. ನೀ ಹೋಗ್."

"ಬತ್ತಿಲ್ಯಾ? ಸರಿ." ಪ್ರಜ್ಞಾ ಅಂಗಳದ ನಡುವೆ ಹೋಗಿ ನಿಂತಳು. ಟೆಂಪೋಕ್ಕೆ ಐಸು ತುಂಬುತ್ತಿದ್ದ ಗಂಡಸರು ತಿರುಗಿ ನೋಡಿದರು. "ಹ್ವಾಯ್, ಯೋಗೀಶಣ್ಣಾ! ನಿಮ್ಮ್ ಮನೆಯವ್ರ್—"

"ಬಾಯ್ ಮುಚ್ಚ್!" ಸುಗಂಧಿ ಓಡಿ ಬಂದಳು. "ಬತ್ತೆ. ಮಾರಾಯ್ತಿ, ಬತ್ತೆ."

"ಮೊದ್ಲ್ ಮೋಕ್ಷಿದ್ ಚೀಲ ತನ್ನಿ."

ಸುಗಂಧಿ ಚೀಲ ತಂದಳು. ಎರಡು ಫ್ರಾಕು ಈಗ ಒಂದು ರಾಶಿಯಾಗಿತ್ತು. ಎಲ್ಲವೂ ಒಗೆದು, ಮಡಚಿ, ಇಸ್ತ್ರಿ ಹಾಕಿದ್ದು. ಅದನ್ನೂ ಪ್ರಜ್ಞಾ ನೋಡಿದಳು. ಮಗು ಅಜ್ಜನ ಬೆರಳು ಹಿಡಿದು ಉಪ್ಪುಂದದ ಕಡೆಯ ಬಸ್ಸು ಹತ್ತಿತು. ಇವರಿಬ್ಬರು ಕುಂದಾಪುರದ ಕಡೆಯದನ್ನು ಹತ್ತಿದರು.

ದಾರಿಯಲ್ಲಿ ಸುಗಂಧಿ ಎಷ್ಟೋ ಸಲ ಬಾಯಿ ತೆರೆದಳು. "ಅದೇ ಆಗಿರತ್ತಾ ಪ್ರಜ್ಞಾ?" ಎಂದಳು ಕೊನೆಗೆ.

"ಗೊತ್ತಿಲ್ಲೆ."

"ಸೂಜಿ ನೋವಾತ್ತಾ?"

"ಕಾಣಿ. ಗೊತ್ತಾತ್ತ್."

ಸಮಾಧಾನದ ಒಂದು ಮಾತನ್ನೂ ಪ್ರಜ್ಞಾ ಆಡಲಿಲ್ಲ. ಕರೆದುಕೊಂಡು ಹೋಗುವುದನ್ನು ಒಪ್ಪಿದ್ದಳು, ಸಮಾಧಾನ ಹೇಳುವುದನ್ನು ಒಪ್ಪಿರಲಿಲ್ಲ. ಆದರೆ ಕೋಟೇಶ್ವರದಲ್ಲಿ ಬಸ್ಸು ತುಂಬಿ, ಹೊಟ್ಟೆ ಬೆಳೆದ ಒಬ್ಬ ಗಂಡಸು ಸುಗಂಧಿಯ ಬಲಭುಜಕ್ಕೆ ಒರಗಲು ಬಂದಾಗ, ಅವಳ ಮೊಣಕೈ ತಾನಾಗಿಯೇ ಚಾಚಿಕೊಂಡಿತು. "ಅತ್ಲಾಗ್ ನಿಲ್ಲಿ ಮಾರಾಯ್ರೆ," ಎಂದಳು ಅವನಿಗೆ, ಸುಗಂಧಿಯ ಮೇಲಿನ ಸಿಟ್ಟನ್ನೆಲ್ಲ ಅವನ ಮೇಲೆ ಹಾಕಿ.

ಸ್ಕ್ಯಾನಿನಲ್ಲಿ ಒಳಗೆ ಕೀವಿನ ಗೂಡು ಕಂಡಿತು. ರಕ್ತದಲ್ಲಿ ಸಕ್ಕರೆ ಎಷ್ಟು ಏರಿತ್ತೆಂದರೆ ಡಾಕ್ಟರಮ್ಮ ಎರಡು ಸಲ ನೋಡಿಸಿದರು. ಸುಗಂಧಿಗೆ ಸಕ್ಕರೆ ಕಾಯಿಲೆ ಇರುವುದು ಅವಳಿಗೇ ಗೊತ್ತಿರಲಿಲ್ಲ. ಸೂಜಿಯಲ್ಲಿ ಕೀವು ಎಳೆದರು, ಗೂಡಿನ ಗೋಡೆಯ ಚೂರನ್ನು ಪರೀಕ್ಷೆಗೆ ಕಳಿಸಿದರು. ಫಲ ಬರುವ ದಿನದವರೆಗೆ ಸುಗಂಧಿ ದಿನವೂ ಫೋನ್ ಮಾಡಿದಳು. ಪ್ರಜ್ಞಾ ದಿನವೂ ಎತ್ತಿದಳು, ದಿನವೂ "ಇನ್ನೂ ಬರ್ಲಿಲ್ಲೆ" ಎಂದಷ್ಟೇ ಹೇಳಿದಳು.

ಕ್ಯಾನ್ಸರ್ ಆಗಿರಲಿಲ್ಲ. ಸಕ್ಕರೆಯಿಂದ ಬಲಿತ ಕೀವಿನ ಗಂಟು. ಮಾತ್ರೆ, ಸಕ್ಕರೆಗೆ ಔಷಧಿ, ಬೇಕಾದರೆ ಮತ್ತೊಮ್ಮೆ ಸೂಜಿ. ಪೂರ್ತಿ ಇಳಿದ ಮೇಲೆ ಇನ್ನೊಂದು ಪರೀಕ್ಷೆ. ಕೊಯ್ಯುವುದು ಬೇಡ. ಸುಗಂಧಿ ಡಾಕ್ಟರಮ್ಮನ ಮೇಜಿಗೆ ತಲೆಯಿಟ್ಟು ಅತ್ತಳು.

ಹೆಮ್ಮಾಡಿಯಲ್ಲಿ ಹುಣ್ಣಿನ ಸುದ್ದಿ ಅವಳಿಗಿಂತ ಮುಂಚೆ ಮನೆ ಸೇರಿತ್ತು. ಯೋಗೀಶನ ತಾಯಿ ಮುದುಕಿ ಏನೂ ಕೇಳದೆ ಸೊಸೆಯ ತಟ್ಟೆ ಲೋಟ ಬೇರೆ ಮಾಡಿಟ್ಟಳು. ಸುಗಂಧಿ ಮಾರನೇ ದಿನವೇ ಬಟ್ಟೆ ತುಂಬಿಕೊಂಡು ಉಪ್ಪುಂದಕ್ಕೆ ಬಂದಳು. "ಎಂಟ್ ದಿನ ಇರ್ತೆ ಅಬ್ಬಿ," ಎಂದಳು.

"ಇರಿ," ಎಂದಳು ಪ್ರಜ್ಞಾ. "ಎಂಟ್ ದಿನ ಅಂದ್ರೆ ಎಷ್ಟ್ ದಿನ ಅಂತ ನಮ್ಗ್ ಗೊತ್ತಿತ್ತ್."

ಭಾನುವಾರ ರವಿರಾಜ್ ಬೋಟಿನಿಂದ ಬರುವಾಗ ತಾಜಾ ಬಂಗುಡೆ ತಂದ. ಪ್ರಜ್ಞಾ ಅತ್ತೆಯನ್ನು ಒಲೆಯ ಹತ್ತಿರ ಬಿಡಲಿಲ್ಲ. ತಾನೇ ಮಸಾಲೆ ಅರೆದು, ತವಾದ ಮೇಲೆ ಹುರಿದು, ಎಲ್ಲರನ್ನೂ ಕರೆದಳು. ಗುರುವ, ರವಿರಾಜ್, ರತ್ನ ಕೂತರು. ಮೋಕ್ಷಿತಾ ಅಮ್ಮನ ಎಡಕ್ಕೆ ಅಂಟಿಕೊಂಡು ಕೂತಳು. ಅವಳ ಅಮ್ಮನ ಹುಣ್ಣು ಒಣಗಿತ್ತು, ಮಗುವಿಗೆ ಅಷ್ಟೇ ಸಾಕಾಗಿತ್ತು.

ಸುಗಂಧಿಯ ಮುಂದೆ ಪ್ರಜ್ಞಾ ಅಂಚು ನೆಗ್ಗಿದ ತಟ್ಟೆಯನ್ನು ಇಟ್ಟಳು. ಅದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ಅನ್ನ, ಅನ್ನದ ಮೇಲೆ ಎಲ್ಲಕ್ಕಿಂತ ದೊಡ್ಡ ಬಂಗುಡೆ.

ರವಿರಾಜ್ ತಲೆ ತಗ್ಗಿಸಿದ. ರತ್ನ "ಹೆಣೆ..." ಎಂದು ಅಲ್ಲಿಗೇ ನಿಲ್ಲಿಸಿದಳು.

"ಇದ್ ನಂಜ್ ಅಲ್ದಾ?" ಎಂದಳು ಸುಗಂಧಿ.

"ನೀವೇ ಹೇಳಿದ್ದಲ್ದಾ ಅತ್ತಿಗೆ? ಡಾಕ್ಟ್ರ್ ಅಲ್ಲ ಅಂದ್ರ್. ಯಾರ್ ಮಾತ್ ಕೇಣ್ತ್ರಿ, ನೀವೇ ಕಾಣಿ."

ಸುಗಂಧಿ ಮೀನು ಮುರಿದಳು. ಒಂದು ತುತ್ತು ಬಾಯಿಗಿಟ್ಟು ಅಗಿಯದೆ ಕೂತಳು, ಆಮೇಲೆ ನುಂಗಿದಳು. ತನ್ನ ಕಡೆ ಒಂದು ಮುಖವಾದರೂ ತಿರುಗಲಿ ಎಂಬಂತೆ ಸುತ್ತ ನೋಡಿ, ಮೋಕ್ಷಿತಾಳಿಗೆ ಕೈ ಚಾಚಿದಳು.

"ಬಾ ಮಗಾ. ಮುಳ್ಳ್ ತೆಗ್ದ್ ಕೊಡ್ತೆ. ಅತ್ತೆ ಮಡಿಲಲ್ಲ್ ಕೂಕೋ."

ಮಗು ಕದಲಲಿಲ್ಲ.

"ಇಲ್ಲೆ. ಅತ್ತೆ ಮುಟ್ಟಿರೆ ಹುಣ್ಣ್ ಆತ್ತ್."

ಚಾಚಿದ ಕೈ ಗಾಳಿಯಲ್ಲಿ ನಿಂತಿತು, ಆಮೇಲೆ ನಿಧಾನವಾಗಿ ತಟ್ಟೆಯ ಅಂಚಿಗೆ ಇಳಿಯಿತು. ಸುಗಂಧಿಯ ತಲೆ ಬಾಗಿತು. ಎಲ್ಲರೂ ಪ್ರಜ್ಞಾಳನ್ನು ನೋಡಿದರು.

ಪ್ರಜ್ಞಾ ತನ್ನ ಬಂಗುಡೆಯನ್ನು ತಿನ್ನುತ್ತಿದ್ದಳು. ಬೆನ್ನಿನ ಕಡೆಯ ಮಾಂಸವನ್ನು ಬಿಡಿಸಿದಳು, ಹೊಟ್ಟೆಯ ಕಡೆಯದನ್ನು ಬಿಡಿಸಿದಳು. ನಡುಮುಳ್ಳನ್ನು ಇಡಿಯಾಗಿ ಎತ್ತಿ ತಟ್ಟೆಯ ಬದಿಗಿಟ್ಟಳು. ತಲೆಯನ್ನು ಚೀಪಿದಳು. ಬಾಲದ ಹತ್ತಿರದ ಕರಕಲಾದ ಮಸಾಲೆಯನ್ನೂ ಬಿಡಲಿಲ್ಲ. ಅಷ್ಟು ಹೊತ್ತೂ ಸುಗಂಧಿಯ ಕಣ್ಣೀರು ಅನ್ನದ ಮೇಲೆ ಬೀಳುತ್ತಿತ್ತು. ಅಷ್ಟು ಹೊತ್ತೂ ಪ್ರಜ್ಞಾ ಅವಸರ ಮಾಡಲಿಲ್ಲ.

ಬೆರಳು ನೆಕ್ಕಿ ಮುಗಿಸಿದ ಮೇಲೆ ಮಗಳ ಕಡೆ ತಿರುಗಿದಳು.

"ಮೋಕ್ಷಿ, ಅದ್ ಸುಳ್ಳ್. ಮುಟ್ಟಿರೆ ಎಂತ ಆತಿಲ್ಲೆ. ಹೋಗ್, ಅತ್ತೆ ಹತ್ರ ಕೂಕೋ."

"ಸುಳ್ಳಾ? ಯಾರ್ ಹೇಳಿದ್ ಸುಳ್ಳ್?"

"ಅತ್ತೆ ಹತ್ರವೇ ಕೇಣ್."

ಮಗು ಎದ್ದು ಹೋಗಿ ಸುಗಂಧಿಯ ಗಲ್ಲವನ್ನು ಎರಡೂ ಕೈಯಿಂದ ಮೇಲಕ್ಕೆತ್ತಿತು. "ಯಾರ್ ಅತ್ತೆ?"

"ನಾನೇ ಮಗಾ," ಎಂದಳು ಸುಗಂಧಿ. "ನಾನೇ ಹೇಳಿದ್ದ್."

ಮೋಕ್ಷಿತಾ ಸ್ವಲ್ಪ ಯೋಚಿಸಿ ಅವಳ ಮಡಿಲಲ್ಲಿ ಕೂತು, ಮೀನಿಗೆ ಬಾಯಿ ತೆರೆದಳು. ಗುರುವ ನೀರಿನ ಚೊಂಬನ್ನು ಮಗಳು ಸುಗಂಧಿಯ ಕಡೆ ಸರಿಸಿದ. ರತ್ನ ತವಾದಿಂದ ಇನ್ನೊಂದು ಬಂಗುಡೆ ಎತ್ತಿ ಪ್ರಜ್ಞಾಳ ತಟ್ಟೆಗೆ ಹಾಕಿದಳು, ಆಮೇಲೆ ಮಳೆಗಾಲದಿಂದೀಚೆ ಮೊದಲ ಬಾರಿಗೆ ತನ್ನ ತಟ್ಟೆಗೂ ಒಂದು ಹಾಕಿಕೊಂಡಳು.

ಎರಡನೆಯದನ್ನು ಪ್ರಜ್ಞಾ ಬೇಗ ಬೇಗ ತಿಂದಳು.